ಮಾರಿಕುಪ್ಪಂ ರೈಲಿನಲ್ಲೊಂದು ಅಪೀಲು

ಕ್ಯಾಸಂಬಳ್ಳಿಯಿಂದ ಕೆಜಿಎಫ್ ಕಡೆ ಹೊರಡುವ ಬೆಳಗಿನ ಬಸ್ಸಿನಲ್ಲಿ ಟೊಮೆಟೊ ಕ್ರೇಟು, ಹಾಲಿನ ಕ್ಯಾನು, ಕನ್ನಡ ತೆಲುಗು ತಮಿಳು ಮೂರನ್ನೂ ಒಂದೇ ಉಸಿರಿನಲ್ಲಿ ಬೆರೆಸುವ ಮಾತು. ಕಿಟಕಿಯಾಚೆ ಸಯನೈಡ್ ದಿಬ್ಬಗಳ ಬೂದು ಬೆನ್ನು ಕಂಡರೆ ಪೇಟೆ ಬಂತೆಂದೇ ಲೆಕ್ಕ. 2001ರ ಫೆಬ್ರುವರಿ 28ರಂದು ಗಣಿ ಮುಚ್ಚಿದ ಮೇಲೆ ಇಲ್ಲಿನ ಎಷ್ಟೋ ಮನೆಗಳ ದುಡಿಮೆ ಮಾರಿಕುಪ್ಪಂ ರೈಲು ಹತ್ತಿ ಬೆಂಗಳೂರಿಗೆ ಹೋಯಿತು. ಚಾಂಪಿಯನ್, ಊರಿಗಾಂ, ಕೋರಮಂಡಲ್ ಎನ್ನುತ್ತಾ ತೆವಳುವ ಗಾಡಿಯ ತುಂಬ ಬುತ್ತಿಯ ಚಿತ್ರಾನ್ನದ ಘಮ, ಮಲ್ಲಿಗೆ, ಇಸ್ಪೀಟು, ಕೂತಲ್ಲೇ ನಿದ್ದೆ.

ಈ ಗುಂಪಿನಲ್ಲಿ ಆಗೀಗ ಬೇರೆ ಬಗೆಯ ಪ್ರಯಾಣಿಕರೂ ಇರುತ್ತಾರೆ. ಮಡಿಲಲ್ಲಿ ಬಟ್ಟೆ ಅಂಗಡಿಯ ಪ್ಲಾಸ್ಟಿಕ್ ಕವರು, ಅದರೊಳಗೆ ಸೆಷನ್ಸ್ ಕೋರ್ಟಿನ ತೀರ್ಪಿನ ನಕಲು. ದಪ್ಪ ಕಟ್ಟಿನಲ್ಲಿ ಕೊನೆಯ ಹಾಳೆಯ ಅಂಚು ಮಾತ್ರ ಬೆರಳ ಎಣ್ಣೆ ಹತ್ತಿ ಮಾಸಿರುತ್ತದೆ. ಎಷ್ಟು ವರ್ಷ ಎಂದು ಬರೆದಿರುವುದು ಅಲ್ಲೇ. ಓದು ಬಾರದವರೂ ಆ ಹಾಳೆಯನ್ನು ಗುರುತಿಡುತ್ತಾರೆ.

ಹೈಕೋರ್ಟಿಗೆ ಹೊರಟ ಇವರಲ್ಲಿ ಎಲ್ಲರೂ ‘ನಮ್ಮ ಹುಡುಗ ಏನೂ ಮಾಡಿಲ್ಲ’ ಎನ್ನುವವರಲ್ಲ. ‘ತಪ್ಪಾಯ್ತು ಸಾರ್, ಆದ್ರೆ ಇಷ್ಟೊಂದಾ?’ ಎನ್ನುವವರೂ ಉಂಟು. ಕಾನೂನಿನಲ್ಲಿ ಈ ಪ್ರಶ್ನೆಗೆ ಜಾಗವಿದೆ. ತಪ್ಪೊಪ್ಪಿಕೊಂಡು ಶಿಕ್ಷೆ ಪಡೆದವನೂ, ತೀರಾ ಸಣ್ಣ ಸಜೆಯಲ್ಲದಿದ್ದರೆ, ಅದರ ಪ್ರಮಾಣವನ್ನು ಪ್ರಶ್ನಿಸಬಹುದು. ವಯಸ್ಸು, ಮೊದಲ ತಪ್ಪು, ಆಗಲೇ ಜೈಲಿನಲ್ಲಿ ಕಳೆದ ದಿನ, ಎಲ್ಲವನ್ನೂ ವಕೀಲರು ಮುಂದಿಡುತ್ತಾರೆ. ಕೊಲೆ ಪ್ರಕರಣದಲ್ಲಿ ಮಾತ್ರ ಈ ಮಾತು ನಡೆಯದು. ಕೊಲೆಯೆಂದು ಸಾಬೀತಾದರೆ ಜೀವಾವಧಿಗಿಂತ ಕೆಳಗೆ ಇಳಿಯುವಂತಿಲ್ಲ. ಹಾಗಾಗಿ ವಾದವೇ ಬೇರೆ ದಾರಿ ಹಿಡಿಯುತ್ತದೆ: ಬದುವಿನ ಜಗಳದಲ್ಲಿ ಸಿಟ್ಟಿನ ಭರಕ್ಕೆ ಬಿದ್ದ ಏಟು ಇದು, ಹಳೆಯ ದಂಡಸಂಹಿತೆಯ 302ರಿಂದ 304ಕ್ಕೆ ಇಳಿಸಿ ಎಂದು.

ತಕ್ಕಡಿ ಇನ್ನೊಂದು ಕಡೆಗೂ ವಾಲಬಹುದು. 1993ರ ಪಾಲಾರ್ ನೆಲಬಾಂಬ್ ಪ್ರಕರಣದಲ್ಲಿ ವೀರಪ್ಪನ್‌ನ ನಾಲ್ವರು ಸಹಚರರಿಗೆ ಮೈಸೂರಿನ ಟಾಡಾ ಕೋರ್ಟು 2001ರಲ್ಲಿ ಜೀವಾವಧಿ ವಿಧಿಸಿತ್ತು. ಮೇಲ್ಮನವಿ ಸಲ್ಲಿಸಿದರು, 2004ರಲ್ಲಿ ಸುಪ್ರೀಂ ಕೋರ್ಟು ಅದನ್ನೇ ಗಲ್ಲಿಗೆ ಏರಿಸಿತು. ಕ್ಷಮಾದಾನದ ಅರ್ಜಿ ಇತ್ಯರ್ಥಕ್ಕೆ ತಡವಾಯಿತೆಂಬ ಕಾರಣಕ್ಕೆ ಮತ್ತೆ ಜೀವಾವಧಿಯಾಗಲು 2014ರ ಜನವರಿ ಬರಬೇಕಾಯಿತು.

ಬೆಂಗಳೂರಿನಲ್ಲಿ ಇಳಿದು ಕಬ್ಬನ್ ಪಾರ್ಕಿನ ಅಂಚಿಗೆ ಬಂದರೆ ಹೈಕೋರ್ಟಿನ ಕೆಂಪು ಅಠಾರಾ ಕಚೇರಿ, ಕರಿಕೋಟುಗಳ ಓಡಾಟ, ಕಾಫಿಯ ವಾಸನೆ. ಎದುರಿಗೆ ವಿಧಾನಸೌಧ. 1951ರ ಜುಲೈ 13ರಂದು ನೆಹರೂ ಅದಕ್ಕೆ ಅಡಿಗಲ್ಲು ಹಾಕಿದಾಗ ಮುಖ್ಯಮಂತ್ರಿಯಾಗಿದ್ದವರು ಕ್ಯಾಸಂಬಳ್ಳಿಯ ಚೆಂಗಲರಾಯರೆಡ್ಡಿ, ನಮ್ಮ ಕೆ.ಸಿ. ರೆಡ್ಡಿ. ಅವರೂ ಕಾನೂನು ಓದಿದವರೇ. ಕವರು ಹಿಡಿದು ಬಂದವರಿಗೆ ಅದನ್ನೆಲ್ಲ ನೆನೆಯಲು ಪುರುಸೊತ್ತಿಲ್ಲ, ಅವರ ಕಣ್ಣು ಗಡಿಯಾರದ ಮೇಲೆ.

ಅವಸರಕ್ಕೆ ಕಾರಣವುಂಟು. ಸೆಷನ್ಸ್ ತೀರ್ಪಿನ ಮೇಲೆ ಹೈಕೋರ್ಟಿಗೆ ಹೋಗಲು 60 ದಿನ, ಗಲ್ಲಾದರೆ 30. ಮ್ಯಾಜಿಸ್ಟ್ರೇಟ್ ತೀರ್ಪಿನ ಮೇಲೆ ಸೆಷನ್ಸ್‌ಗೆ 30. ಸಜೆಯಾದವನಿಗೆ ತೀರ್ಪಿನ ನಕಲು ಪುಕ್ಕಟೆ. ಜೈಲಿನ ಅಧಿಕಾರಿಯ ಮೂಲಕವೇ ಅಪೀಲು ಕಳಿಸಬಹುದು, ಬಂಧನದಲ್ಲಿರುವವನಿಗೆ ಕಾನೂನು ಸೇವಾ ಪ್ರಾಧಿಕಾರ ವಕೀಲರನ್ನು ಉಚಿತವಾಗಿ ಕೊಡುತ್ತದೆ. ನಿಮ್ಮೂರಿನಲ್ಲಿ ಯಾರಾದರೂ ಇದಕ್ಕೆಂದು ಹೊಲ ಅಡವಿಡಲು ಹೊರಟಿದ್ದರೆ, ಮೊದಲು ಪ್ರಾಧಿಕಾರದ ಬಾಗಿಲು ತಟ್ಟಲು ಹೇಳಿ.