ಹುಟ್ಟಿನ ತೂಕ ಹೇಳುವುದೇನು?

ಮಗು ಹುಟ್ಟಿದೊಡನೆ ತೂಗಿ, ಆ ಅಂಕಿಯನ್ನು ಬರೆದಿಡುವುದು ಹೆರಿಗೆ ಆಸ್ಪತ್ರೆಗಳ ರೂಢಿ. ಎರಡೂವರೆ ಕಿಲೋಗ್ರಾಮಿಗಿಂತ ಕಡಿಮೆ ತೂಗಿದ ಶಿಶುವನ್ನು ಕಡಿಮೆ ತೂಕದ ಶಿಶುವೆಂದು ವೈದ್ಯರು ಪರಿಗಣಿಸುತ್ತಾರೆ. ಆಗ ಮನೆಯವರ ದೃಷ್ಟಿ ಮೊದಲು ಹೊರಳುವುದು ತಾಯಿಯ ಕಡೆಗೆ. ಆಕೆ ಸರಿಯಾಗಿ ಉಣ್ಣಲಿಲ್ಲ, ವಿಶ್ರಾಂತಿ ಪಡೆಯಲಿಲ್ಲ ಎಂಬ ಮಾತು ಸುಲಭವಾಗಿ ಬಂದುಬಿಡುತ್ತದೆ. ಈ ತೀರ್ಪು ಎಷ್ಟರಮಟ್ಟಿಗೆ ನ್ಯಾಯವಾದುದು? ಇದನ್ನು ಶಾಸ್ತ್ರೀಯವಾಗಿ ಪರೀಕ್ಷಿಸುತ್ತಿರುವವರಲ್ಲಿ ಇಂಗ್ಲೆಂಡಿನ ಎಕ್ಸೆಟರ್ ವಿಶ್ವವಿದ್ಯಾಲಯದ ಸಂಶೋಧಕಿ ರೇಚಲ್ ಫ್ರೀಥಿ ಅವರು ಪ್ರಮುಖರು. ಅವರ ಕ್ಷೇತ್ರ ಜೆನೆಟಿಕ್ ಎಪಿಡೆಮಿಯಾಲಜಿ. ಎಂದರೆ, ಬಹುಸಂಖ್ಯೆಯ ಜನರ ವಂಶವಾಹಿಗಳನ್ನೂ ಆರೋಗ್ಯವನ್ನೂ ಹೋಲಿಸಿ ರೋಗದ ಕಾರಣಗಳನ್ನು ಅರಸುವ ಶಾಸ್ತ್ರ.

ಹಳೆಯ ಪುಸ್ತಕಗಳ ಸಾಕ್ಷ್ಯ

ಇಂಗ್ಲೆಂಡಿನ ಹರ್ಟ್‌ಫರ್ಡ್‌ಷೈರಿನಲ್ಲಿ 1911ರಿಂದಲೂ ಶಿಶುಗಳ ತೂಕವನ್ನು ಕ್ರಮವಾಗಿ ದಾಖಲಿಸಿಡಲಾಗಿತ್ತು. ಆ ಪುಸ್ತಕಗಳನ್ನು ಆಧರಿಸಿ ಡೇವಿಡ್ ಬಾರ್ಕರ್ ಮತ್ತು ಸಂಗಡಿಗರು, ಶೈಶವದಲ್ಲಿ ಕಡಿಮೆ ತೂಕವಿದ್ದವರು ಮುಂದೆ ಹೃದ್ರೋಗದಿಂದ ಮರಣ ಹೊಂದುವ ಸಂಭವ ಹೆಚ್ಚೆಂದು 1989ರಲ್ಲಿ ಪ್ರಕಟಿಸಿದರು. ನಮ್ಮ ಮೈಸೂರಿನ ಹೋಲ್ಡ್ಸ್‌ವರ್ತ್ ಸ್ಮಾರಕ ಆಸ್ಪತ್ರೆಯಲ್ಲಿಯೂ 1934ರಿಂದ ಇಂತಹ ದಾಖಲೆಗಳಿದ್ದವು. ಅಲ್ಲಿ ಹುಟ್ಟಿದವರನ್ನು ನಡುವಯಸ್ಸಿನಲ್ಲಿ ಪರೀಕ್ಷಿಸಿದಾಗ ಕಡಿಮೆ ತೂಕಕ್ಕೂ ಹೃದ್ರೋಗಕ್ಕೂ ಇದೇ ಬಗೆಯ ಸಂಬಂಧ ಕಂಡಿತೆಂದು 1996ರಲ್ಲಿ ವರದಿಯಾಯಿತು.

ಗರ್ಭದಲ್ಲಿ ಪೋಷಣೆ ಸಾಲದಾದಾಗ ಶಿಶುವಿನ ದೇಹವು ಆ ಕೊರತೆಗೆ ಒಗ್ಗಿಕೊಳ್ಳುತ್ತದೆ, ಆ ಒಗ್ಗುವಿಕೆಯೇ ಮುಂದೆ ರೋಗಕ್ಕೆ ದಾರಿಯಾಗುತ್ತದೆ ಎಂಬುದು ಬಾರ್ಕರರ ವಿವರಣೆ.

ಇನ್ನೊಂದು ವಿವರಣೆ

ಎಕ್ಸೆಟರಿನ ಆಂಡ್ರ್ಯೂ ಹ್ಯಾಟರ್ಸ್ಲಿ ಅವರು ಬೇರೊಂದು ಸಾಧ್ಯತೆಯನ್ನು ಮುಂದಿಟ್ಟರು. ಗರ್ಭಸ್ಥ ಶಿಶುವಿನ ಬೆಳವಣಿಗೆಗೆ ಇನ್ಸುಲಿನ್ ಅತ್ಯವಶ್ಯಕ. ತಾಯಿಯ ರಕ್ತದ ಸಕ್ಕರೆ ಮಾಸುವಿನ ಮೂಲಕ ಶಿಶುವನ್ನು ಸೇರುತ್ತದೆ. ಆದರೆ ಇನ್ಸುಲಿನನ್ನು ಶಿಶುವೇ ತಯಾರಿಸಿಕೊಳ್ಳಬೇಕು. ರಕ್ತದ ಸಕ್ಕರೆಯ ಮಟ್ಟವನ್ನು ಗುರುತಿಸಲು ನೆರವಾಗುವ ಗ್ಲೂಕೋಕೈನೇಸ್ ಎಂಬ ಕಿಣ್ವದ ವಂಶವಾಹಿಯಲ್ಲಿ ದೋಷವಿರುವ ಕುಟುಂಬಗಳನ್ನು ಅವರ ತಂಡ ಅಭ್ಯಸಿಸಿ 1998ರಲ್ಲಿ ಫಲಿತಾಂಶ ಪ್ರಕಟಿಸಿತು. ದೋಷವು ಶಿಶುವಿಗೆ ಮಾತ್ರ ಬಂದಿದ್ದರೆ ಇನ್ಸುಲಿನ್ ಕಡಿಮೆಯಾಗಿ, ತೂಕ ಸರಾಸರಿ ಸುಮಾರು ಅರ್ಧ ಕಿಲೋ ಇಳಿಯುತ್ತಿತ್ತು. ತಾಯಿಗೆ ಮಾತ್ರ ಇದ್ದರೆ ಆಕೆಯ ರಕ್ತದಲ್ಲಿ ಸಕ್ಕರೆ ಏರಿ, ಶಿಶು ಹೆಚ್ಚು ಇನ್ಸುಲಿನ್ ಸ್ರವಿಸಿ ದಪ್ಪಗೆ ಬೆಳೆಯುತ್ತಿತ್ತು. ಇಬ್ಬರಲ್ಲಿಯೂ ಇದ್ದರೆ ಒಂದನ್ನೊಂದು ಸರಿದೂಗಿಸಿ ತೂಕ ಸಾಮಾನ್ಯವಾಗಿರುತ್ತಿತ್ತು. ಹಾಗಿದ್ದಲ್ಲಿ, ಕಡಿಮೆ ತೂಕ ಮತ್ತು ಮುಂದಿನ ಮಧುಮೇಹ ಇವೆರಡಕ್ಕೂ ಒಂದೇ ವಂಶವಾಹಿ ಮೂಲವಾಗಿರಬಾರದೇಕೆ?

ಬೇರ್ಪಡಿಸುವ ಬಗೆ

ಮೇಲಿನದು ವಿರಳವಾದ ದೋಷದ ಮಾತಾಯಿತು. ಸಾಮಾನ್ಯ ಜನರಲ್ಲಿ ನೂರಾರು ವಂಶವಾಹಿಗಳು ಅಲ್ಪಸ್ವಲ್ಪವಾಗಿ ಹುಟ್ಟಿನ ತೂಕವನ್ನು ಪ್ರಭಾವಿಸುತ್ತವೆ. ತಾಯಿಯದಾವುದು, ಮಗುವಿನದಾವುದು ಎಂದು ಬೇರ್ಪಡಿಸುವುದು ಹೇಗೆ? ತಾಯಿ ತನ್ನ ವಂಶವಾಹಿಗಳಲ್ಲಿ ಅರ್ಧಭಾಗವನ್ನು ಮಾತ್ರ ಮಗುವಿಗೆ ಕೊಡುತ್ತಾಳೆ. ಕೊಡದೆ ಉಳಿದ ಅರ್ಧವು ಮಗುವಿನ ತೂಕದ ಮೇಲೆ ಪರಿಣಾಮ ಬೀರಿದರೆ ಅದು ಗರ್ಭದ ವಾತಾವರಣದ ಮೂಲಕವೇ ಆಗಬೇಕು. ತಂದೆಯಿಂದ ಬಂದ ಭಾಗವಾದರೋ ಶಿಶುವಿನ ದೇಹದ ಮೂಲಕವೇ ಕೆಲಸಮಾಡಬೇಕು. ಈ ಸರಳ ತತ್ತ್ವವೇ ಈ ವಿಧಾನದ ಅಡಿಗಲ್ಲು.

ಫ್ರೀಥಿ ಮತ್ತು ಅನೇಕ ದೇಶಗಳ ಸಹೋದ್ಯೋಗಿಗಳು ಲಕ್ಷಾಂತರ ಜನರ ಮಾಹಿತಿಯನ್ನು ಹೀಗೆ ವಿಂಗಡಿಸಿ 2019ರಲ್ಲಿ ಪ್ರಕಟಿಸಿದ ಅಧ್ಯಯನ ಗಮನಾರ್ಹವಾದುದು. ರಕ್ತದೊತ್ತಡವನ್ನು ಏರಿಸುವ ತಾಯಿಯ ವಂಶವಾಹಿಗಳು ಶಿಶುವಿನ ತೂಕವನ್ನು ಇಳಿಸುತ್ತವೆ. ಅವೇ ಮಗುವಿಗೆ ಬಂದಾಗ ಮುಂದೆ ಅದರ ರಕ್ತದೊತ್ತಡವನ್ನೂ ಏರಿಸುತ್ತವೆ. ಆದಕಾರಣ ಕಡಿಮೆ ತೂಕಕ್ಕೂ ಮುಂದಿನ ರಕ್ತದೊತ್ತಡಕ್ಕೂ ಕಂಡುಬರುವ ನಂಟಿಗೆ ಆನುವಂಶಿಕತೆಯೇ ಮುಖ್ಯ ಕಾರಣವೆಂದು ಅವರು ನಿರ್ಣಯಿಸಿದರು.

ಎಚ್ಚರದ ಮಾತು

ಇದರಿಂದ ಗರ್ಭಿಣಿಯ ಆಹಾರಕ್ಕೆ ಬೆಲೆಯಿಲ್ಲವೆಂದು ಯಾರೂ ಭಾವಿಸಬಾರದು. ಹಾಲೆಂಡಿನಲ್ಲಿ 1944-45ರ ಕ್ಷಾಮಕಾಲದಲ್ಲಿ ಗರ್ಭದಲ್ಲಿದ್ದವರು ಬೆಳೆದು ದೊಡ್ಡವರಾದಾಗ, ಸಕ್ಕರೆಯನ್ನು ಅರಗಿಸಿಕೊಳ್ಳುವ ಅವರ ಶಕ್ತಿ ಕುಂದಿದ್ದುದು ಕಂಡುಬಂದಿದೆ. ಕ್ಷಾಮವು ವಂಶವಾಹಿಗಳನ್ನು ನೋಡಿ ಬಂದುದಲ್ಲ. ಮೇಲಾಗಿ, 2019ರ ಅಧ್ಯಯನದಲ್ಲಿದ್ದವರು ಬಹುಪಾಲು ಯುರೋಪ್ ಮೂಲದವರು. ಮೈಸೂರಿನಲ್ಲಿ ಮಧುಮೇಹ ಹೆಚ್ಚಾಗಿ ಕಂಡದ್ದು ಹುಟ್ಟಿದಾಗ ಗಿಡ್ಡಗೆ, ದಪ್ಪಗೆ ಇದ್ದವರಲ್ಲಿ. ಅವರ ತಾಯಂದಿರೂ ಹೆಚ್ಚು ತೂಕದವರಾಗಿದ್ದರು. ಆದುದರಿಂದ ನಮ್ಮ ಜನರ ವಿಷಯವನ್ನು ನಮ್ಮ ಜನರ ನಡುವೆಯೇ ಅಭ್ಯಸಿಸಬೇಕು.

ಹುಟ್ಟಿನ ತೂಕವು ಒಂದು ಸೂಚನೆ; ಅದು ವಿಧಿಲಿಖಿತವೂ ಅಲ್ಲ, ತಾಯಿಯ ಮೇಲಿನ ಆರೋಪಪಟ್ಟಿಯೂ ಅಲ್ಲ. ಗರ್ಭಿಣಿಗೆ ಪುಷ್ಟಿಕರ ಆಹಾರ ಒದಗಿಸುವುದು, ಆಕೆಯ ರಕ್ತದೊತ್ತಡವನ್ನೂ ಸಕ್ಕರೆಯನ್ನೂ ಕಾಲಕಾಲಕ್ಕೆ ಪರೀಕ್ಷಿಸುವುದು ಕುಟುಂಬದ ಮತ್ತು ಸಮಾಜದ ಕರ್ತವ್ಯ. ಮಗು ಚಿಕ್ಕದಾಗಿ ಹುಟ್ಟಿದರೆ ಅದಕ್ಕೆ ಬೇಕಾದುದು ಆರೈಕೆ. ತಾಯಿಗೆ ಬೇಕಾದುದು ದೂಷಣೆಯಲ್ಲ, ಆಸರೆ.