ನಾಲ್ಕು ತಾಣಕ್ಕೆ ಒಬ್ಬನೇ ನೀರುಗಂಟಿ ಸಾಲದು

ಶ್ರೀರಂಗಪಟ್ಟಣ, ಪಾಂಡವಪುರ, ಕೆ.ಆರ್. ಪೇಟೆ, ನಾಗಮಂಗಲ: ನಾಲ್ಕೂ ಊರಿನ ಪುರಸಭೆಗಳಿಗೆ ಜಾಲತಾಣವಿದೆ. ವಿಳಾಸದ ತಲೆ ಬೇರೆ ಬೇರೆ, ಬಾಲ ಮಾತ್ರ ಒಂದೇ, ರಾಜ್ಯದ ಮುನಿಸಿಪಲ್ ರಿಫಾರ್ಮ್ಸ್ ಸೆಲ್‌ನದು. ಇಂಥ ನಾಲ್ಕು ತಾಣಗಳನ್ನು ಒಂದೇ ಲಿನಕ್ಸ್ ಸರ್ವರಿನಲ್ಲಿ ಕೂರಿಸಿದರೆ ಅವುಗಳ ಕೋಡ್ ಯಾರ ಹೆಸರಿನಲ್ಲಿ ಓಡಬೇಕು?

ಲಿನಕ್ಸಿನಲ್ಲಿ ವಾರಸುದಾರನಿಲ್ಲದ ಕೆಲಸವೇ ಇಲ್ಲ. ಓಡುವ ಪ್ರತಿ ಪ್ರೋಗ್ರಾಂ ಒಬ್ಬ ಬಳಕೆದಾರನ ಖಾತೆಗೆ ಸೇರಿರುತ್ತದೆ. ಅವನು ಯಾವ ಫೈಲು ಮುಟ್ಟಬಹುದೋ ಅದೂ ಅಷ್ಟನ್ನೇ ಮುಟ್ಟಬಹುದು. 0 ಸಂಖ್ಯೆಯ ರೂಟ್‌ಗೆ ಮಾತ್ರ ಎಲ್ಲ ಬಾಗಿಲೂ ತೆರೆದಿದೆ. ಜಾಲತಾಣಕ್ಕೆ ಬೇಕಾದ 80, 443ನೆಯ ಪೋರ್ಟುಗಳನ್ನು ತೆರೆಯಲು ವಾಡಿಕೆಯಂತೆ ಆ ರೂಟ್ ಅಧಿಕಾರವೇ ಬೇಕು. ಹಾಗಾಗಿ ಅಪಾಚೆ, ಎಂಜಿನ್‌ಎಕ್ಸ್ ರೂಟ್ ಆಗಿ ಏಳುತ್ತವೆ, ಪೋರ್ಟ್ ಹಿಡಿಯುತ್ತವೆ, ಆಮೇಲೆ ಮರಿ ಪ್ರೋಗ್ರಾಂಗಳನ್ನು ಹುಟ್ಟಿಸುತ್ತವೆ, ಆ ಮರಿಗಳು ರೂಟ್ ಅಧಿಕಾರ ಕಳಚಿಬಿಡುತ್ತವೆ. ಕಳಚುವುದಕ್ಕೂ ಒಂದು ಕ್ರಮವಿದೆ: ಮೊದಲು ಗುಂಪು, ಆಮೇಲೆ ಬಳಕೆದಾರ. ಉಲ್ಟಾ ಮಾಡಿದರೆ ಗುಂಪು ಬದಲಿಸುವ ಶಕ್ತಿಯೇ ಉಳಿದಿರುವುದಿಲ್ಲ. ಉಬುಂಟುವಿನಲ್ಲಿ 'ಪಿಎಸ್' ಆದೇಶ ಕೊಟ್ಟು ನೋಡಿ: ರೂಟ್ ಹೆಸರಿನ ಒಂದು ಸಾಲು, ಅದರ ಕೆಳಗೆ 33ನೆಯ ಬಳಕೆದಾರ 'ಡಬ್ಲ್ಯೂಡಬ್ಲ್ಯೂಡಬ್ಲ್ಯೂ-ಡೇಟಾ' ಹೆಸರಿನ ಹಲವು ಸಾಲು.

ಬಹಳ ಮಂದಿ ಇಲ್ಲಿಗೇ ಕೈತೊಳೆದುಕೊಳ್ಳುತ್ತಾರೆ. ಅದು ಅರ್ಧ ಕೆಲಸ. ನಾಲ್ಕೂ ತಾಣ 33ರ ಹೆಸರಿನಲ್ಲೇ ಓಡುತ್ತಿದ್ದರೆ, ನಾಗಮಂಗಲದ ಫೋಟೊ ಅಪ್‌ಲೋಡ್ ಪುಟದಿಂದ ನುಸುಳಿದ ಒಂದು ಕಳ್ಳ ಪಿಎಚ್‌ಪಿ ಫೈಲು ಕೆ.ಆರ್. ಪೇಟೆಯ ಡೇಟಾಬೇಸ್ ಪಾಸ್‌ವರ್ಡನ್ನು ಸಲೀಸಾಗಿ ಓದುತ್ತದೆ. ಕಳ್ಳತನ ಅಂತಲೂ ಅನ್ನುವಂತಿಲ್ಲ, ಸಿಸ್ಟಂ ಕಣ್ಣಿಗೆ ಓದಿದವನು ಹಕ್ಕುದಾರನೇ! ನಮ್ಮ ಕೆರೆಗಳಲ್ಲಿ ಆಯಾ ಊರಿನ ತೂಬಿಗೆ ಆಯಾ ಊರಿನ ನೀರುಗಂಟಿ. ಪಕ್ಕದೂರಿನ ತೂಬಿಗೆ ಅವನು ಕೈ ಹಾಕುವಂತಿಲ್ಲ. ಇಲ್ಲಿಯೂ ಬೇಕಾದದ್ದು ಅದೇ. ಪಿಎಚ್‌ಪಿ ಕೋಡನ್ನು ಓಡಿಸುವ ಪಿಎಚ್‌ಪಿ-ಎಫ್‌ಪಿಎಂನಲ್ಲಿ ತಾಣಕ್ಕೊಂದು ಪೂಲ್ (ಕೆಲಸ ಮಾಡುವ ಪ್ರೋಗ್ರಾಂಗಳ ಗುಂಪು) ಮಾಡಿ, ಪೂಲ್‌ಗೊಬ್ಬ ಬಳಕೆದಾರನನ್ನು ಕೊಟ್ಟು, ಪಾಸ್‌ವರ್ಡ್ ಇರುವ ಫೈಲಿಗೆ 640ರ ಅನುಮತಿ (ಒಡೆಯನಿಗೆ ಓದು-ಬರಹ, ಗುಂಪಿಗೆ ಓದು, ಉಳಿದವರಿಗೆ ಏನೂ ಇಲ್ಲ) ಇಟ್ಟು, ಫೈಲಿನ ಗುಂಪಿನಲ್ಲಿ ಆ ಬಳಕೆದಾರನನ್ನಷ್ಟೇ ಬಿಟ್ಟರೆ ನಾಗಮಂಗಲದ ತೂತು ನಾಗಮಂಗಲದಲ್ಲೇ ನಿಲ್ಲುತ್ತದೆ.

ಇನ್ನೂ ಒಂದು ಹೆಜ್ಜೆ ಇದೆ, ಅವಸರದಲ್ಲಿ ಎಲ್ಲರೂ ಬಿಡುವಂಥದ್ದು. ಕೋಡನ್ನು ಓಡಿಸುವವನೇ ಅದರ ಒಡೆಯನೂ ಆಗಿರಬಾರದು. ಫೈಲುಗಳನ್ನು ತಂದಿಡುವ ಖಾತೆ ಬೇರೆ ಇರಲಿ. ಓಡಿಸುವ ಖಾತೆಗೆ ಓದುವ ಹಕ್ಕು ಸಾಕು. ಬರೆಯುವ ಹಕ್ಕು ಅಪ್‌ಲೋಡ್ ಫೋಲ್ಡರಿಗಷ್ಟೇ, ಅಲ್ಲಿ ಬಿದ್ದ ಪಿಎಚ್‌ಪಿ ಓಡಲೂ ಕೂಡದು.

ಆದರೂ ನಾಲ್ಕು ಖಾತೆಗಳ ಅಡಿಯಲ್ಲಿರುವ ಕರ್ನೆಲ್, ಅಂದರೆ ಲಿನಕ್ಸಿನ ತಿರುಳು, ಒಂದೇ. 2016ರಲ್ಲಿ ಬಯಲಾದ 'ಡರ್ಟಿ ಕೌ' ದೋಷ ಸಾಮಾನ್ಯ ಬಳಕೆದಾರನನ್ನು ರೂಟ್ ಮಾಡಿಬಿಡುತ್ತಿತ್ತು. ಅದು 2007ರಿಂದಲೂ ಕರ್ನೆಲ್‌ನಲ್ಲೇ ಕೂತಿತ್ತು. ಖಾತೆಗಳನ್ನು ಎಷ್ಟೇ ಚೊಕ್ಕವಾಗಿ ಬೇರೆ ಮಾಡಿದ್ದರೂ ಆಗ ಕೆಲಸಕ್ಕೆ ಬಂದದ್ದು ಕರ್ನೆಲ್ ಅಪ್‌ಡೇಟ್ ಮಾತ್ರ.