ವಿಮಾನದಿಂದ ಬೈಕಿಗಿಳಿದ ಬ್ರೇಕು

ಪುಣೆಯ ವಿಮಾನ ನಗರದಲ್ಲಿ ಮೊದಲ ಮಳೆ ಬಿದ್ದ ದಿನ ಬೈಕ್ ಸವಾರರು ಎಚ್ಚರದಿಂದಿರಬೇಕು. ರಸ್ತೆಯ ಮೇಲಿನ ಎಣ್ಣೆ, ಧೂಳು ನೀರಿನೊಡನೆ ಕಲೆತು ಡಾಂಬರು ಜಾರುತ್ತದೆ. ಪಕ್ಕದ ಲೋಹೆಗಾಂವ್ ನಿಲ್ದಾಣದಲ್ಲಿ ಇಳಿಯುವ ವಿಮಾನಗಳಿಗೂ ಒದ್ದೆ ನೆಲದ ಕಾಟ ತಪ್ಪಿದ್ದಲ್ಲ. ಅದಕ್ಕೆ ಹುಡುಕಿದ ಪರಿಹಾರವೇ ಇಂದು ಬೈಕುಗಳಲ್ಲಿರುವ ಎಬಿಎಸ್ (ಚಕ್ರ ಲಾಕ್ ಆಗದಂತೆ ತಡೆಯುವ ‘ಆಂಟಿ-ಲಾಕ್ ಬ್ರೇಕಿಂಗ್ ಸಿಸ್ಟಮ್’).

1950ರ ದಶಕದಲ್ಲಿ ಬ್ರಿಟನ್ನಿನ ಡನ್‌ಲಪ್ ಕಂಪನಿ ವಿಮಾನಗಳಿಗೆಂದು ಮ್ಯಾಕ್ಸರೆಟ್ ಎಂಬ ಇಂಥ ಸಾಧನ ರೂಪಿಸಿತು. 1958ರಲ್ಲಿ ಅದನ್ನು ರಾಯಲ್ ಎನ್‌ಫೀಲ್ಡ್ ಬೈಕೊಂದಕ್ಕೆ ಜೋಡಿಸಿ ಪರೀಕ್ಷಿಸಿದರು. ಫಲ ಚೆನ್ನಾಗಿಯೇ ಬಂತು, ಆದರೆ ರಾಯಲ್ ಎನ್‌ಫೀಲ್ಡ್ ಆಸಕ್ತಿ ತೋರಲಿಲ್ಲ. ಮಾರಾಟದ ಬೈಕಿಗೆ ಎಬಿಎಸ್ ಬರಲು 1988ರ ಬಿಎಂಡಬ್ಲ್ಯುವರೆಗೆ ಕಾಯಬೇಕಾಯಿತು. ಎಷ್ಟು ಜೀವ ಉಳಿಸಬಹುದಾಗಿದ್ದ ಮೂವತ್ತು ವರ್ಷಗಳು ಹಾಗೇ ಕಳೆದವು!

ಉರುಳುವ ಟೈರು ರಸ್ತೆಯನ್ನು ಹಿಡಿದುಕೊಂಡೇ ಸಾಗುತ್ತದೆ. ಚಕ್ರ ಲಾಕ್ ಆದರೆ ಹಿಡಿತ ಕುಗ್ಗುತ್ತದೆ, ಅಡ್ಡಕ್ಕೆ ಜಾರುವುದನ್ನು ತಡೆಯುವ ಬಲವೂ ಹೋಗುತ್ತದೆ. ಮುಂದಿನ ಚಕ್ರವಾದರೆ ಕ್ಷಣದಲ್ಲಿ ಬೈಕ್ ನೆಲಕ್ಕೆ. ಎಬಿಎಸ್‌ನಲ್ಲಿ ಚಕ್ರದ ಜೊತೆ ತಿರುಗುವ ಕಂಡಿಗಳ ಬಳೆಯೊಂದಿರುತ್ತದೆ. ಅದರ ವೇಗ ಹಠಾತ್ತನೆ ಇಳಿದದ್ದನ್ನು ಸೆನ್ಸರ್ ಗುರುತಿಸಿದೊಡನೆ ಕವಾಟಗಳು ಬ್ರೇಕ್ ದ್ರವದ ಒತ್ತಡವನ್ನು ಸಡಿಲಿಸಿ ಮತ್ತೆ ಏರಿಸುತ್ತವೆ, ಸೆಕೆಂಡಿಗೆ ಹಲವು ಬಾರಿ. ಆಗ ಲಿವರ್ ಅದುರಿದರೆ ಗಾಬರಿಯಿಂದ ಕೈ ಬಿಡಬಾರದು.

‘ಮುಂದಿನ ಬ್ರೇಕ್ ಮುಟ್ಟಬೇಡ’ ಎಂದು ಹೊಸಬರಿಗೆ ಹೇಳಿಕೊಡುವುದು ದೊಡ್ಡ ತಪ್ಪು. ಬ್ರೇಕ್ ಹಿಡಿದಾಗ ಭಾರವೆಲ್ಲ ಮುಂದಕ್ಕೆ ವಾಲುವುದರಿಂದ ಗಾಡಿಯನ್ನು ನಿಲ್ಲಿಸುವ ಹೆಚ್ಚಿನ ಕೆಲಸ ಮುಂದಿನ ಚಕ್ರದ್ದೇ. ಎರಡನ್ನೂ ಬಳಸಬೇಕು, ಮುಂದಿನದನ್ನು ಹಂತಹಂತವಾಗಿ ಬಿಗಿ ಮಾಡಬೇಕು.

2019ರ ಏಪ್ರಿಲ್‌ನಿಂದ ನಮ್ಮಲ್ಲಿ 125 ಸಿಸಿ ಮೀರಿದ ಹೊಸ ಬೈಕುಗಳಿಗೆ ಎಬಿಎಸ್ ಕಡ್ಡಾಯವಾಯಿತು. ಚಿಕ್ಕವಕ್ಕೆ ಸಿಬಿಎಸ್ (ಕಂಬೈನ್ಡ್ ಬ್ರೇಕಿಂಗ್ ಸಿಸ್ಟಮ್) ಸಾಕೆಂದರು. ಅದು ಎರಡೂ ಚಕ್ರಗಳಿಗೆ ಬ್ರೇಕ್ ಹಂಚುತ್ತದೆ, ಲಾಕ್ ಆಗುವುದನ್ನು ತಡೆಯದು. ಅನೇಕ ಬೈಕುಗಳ ಎಬಿಎಸ್ ಮುಂದಿನ ಚಕ್ರಕ್ಕಷ್ಟೇ ಎಂಬುದೂ ನೆನಪಿರಲಿ.

ಬ್ರೇಕ್ ಎಷ್ಟೇ ಚೆನ್ನಾಗಿದ್ದರೂ ಹೆಲ್ಮೆಟ್ ಹಿಂದೆ ಕೂತವರಿಗೂ ಬೇಕು, ಐಎಸ್‌ಐ ಗುರುತಿನದೇ ಆಗಬೇಕು.

ಎಬಿಎಸ್‌ಗೂ ಎಟುಕದ ದೂರವೊಂದಿದೆ. ಗಂಟೆಗೆ 60 ಕಿ.ಮೀ. ವೇಗದಲ್ಲಿ ಅಪಾಯ ಕಂಡು ಕೈ ಲಿವರ್ ಒತ್ತಲು ಒಂದು ಸೆಕೆಂಡ್ ಹಿಡಿದರೆ, ಅಷ್ಟರಲ್ಲೇ ಬೈಕ್ ಸುಮಾರು 17 ಮೀಟರ್ ಮುಂದೆ ಹೋಗಿರುತ್ತದೆ, 40ರಲ್ಲಾದರೆ 11.